ಖಾಲಿ ಇದ್ದ ಪಕ್ಕದ ಮನೆ

ನಮ್ಮ ರಸ್ತೆಯಲ್ಲಿ ಒಂದು ಪದ್ಧತಿ ಇದೆ. ಮಾಲೀಕರು ಬೇರೆ ಊರಿನಲ್ಲಿದ್ದರೆ, ಬಾಡಿಗೆಯವರು ಮನೆ ಬಿಡುವ ದಿನ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಾರೆ. ಗೇಟಿಗೆ ಮನೆ ಬಾಡಿಗೆಗಿದೆ ಎಂಬ ಹಲಗೆ ಕಟ್ಟುವುದು, ನೋಡಲು ಬಂದವರಿಗೆ ಬಾಗಿಲು ತೆಗೆಯುವುದು, ಕಾವೇರಿ ನೀರು ಯಾವ ದಿನ ಬರುತ್ತದೆಂದು ಹೇಳುವುದು, ಎಲ್ಲವೂ ಪಕ್ಕದ ಮನೆಯವರ ಕೆಲಸ. ಬಂದವರು ಯಾವ ಊರಿನವರು, ಮನೆಯಲ್ಲಿ ಎಷ್ಟು ಜನ, ಏನು ತಿನ್ನುತ್ತಾರೆ ಎಂದು ಕೇಳುವುದೂ ಅವರೇ. ಕೊನೆಗೆ ಮಾಲೀಕರಿಗೆ ಫೋನ್ ಮಾಡಿ "ಒಳ್ಳೆ ಜನ" ಎಂದರೆ ಸಾಕು, ಅವರು ಮುಖ ನೋಡದೆಯೇ ಮನೆ ಕೊಟ್ಟುಬಿಡುತ್ತಾರೆ. ಹನ್ನೆರಡು ವರ್ಷದ ಹಿಂದೆ ಅಂಥ ಒಂದು ಬೀಗದ ಕೈ ನನ್ನ ಮನೆಯಲ್ಲಿತ್ತು. ಆಗ ನಾನು ಮಾಡಿದ್ದನ್ನು ಈ ವರ್ಷದವರೆಗೆ ಯಾರಿಗೂ ಹೇಳಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಸರ್ಕಾರಿ ಕಾರ್ಖಾನೆಯೊಂದಕ್ಕೆ ಸೇರಿದವನು. ಮೂವತ್ತೈದು ವರ್ಷ ಲೋಹ ಕಡೆಯುವ ಲೇತ್ ಯಂತ್ರದ ಮುಂದೆ ನಿಂತೆ. ನನ್ನ ಪಕ್ಕದ ಯಂತ್ರದಲ್ಲಿ ನಿಂತವನು ನನ್ನ ಗೆಳೆಯ. ಶಿವಾಜಿನಗರದವನು, ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹುಟ್ಟಿ ಅಲ್ಲೇ ಸಂಸಾರ ಮಾಡಿದವನು. ಅವನ ಅಪ್ಪನಿಗೆ ಮಾರುಕಟ್ಟೆಯಲ್ಲಿ ಹಣ್ಣಿನ ಅಂಗಡಿ ಇತ್ತು. ಮನೆಯಲ್ಲಿ ದಖನಿ ಮಾತಾಡುತ್ತಿದ್ದ, ನನ್ನ ಜೊತೆ ಕನ್ನಡ. ಅವನ ಹೆಂಡತಿಯನ್ನು ನಾನು ಭಾಭಿ ಎಂದು ಕರೆಯುತ್ತಿದ್ದೆ. ಬುಧವಾರ ಭಾಭಿ ಮಾಂಸ, ಸೋರೆಕಾಯಿ, ಬೇಳೆ ಹಾಕಿ ದಾಲ್ಚಾ ಮಾಡಿದರೆ ಡಬ್ಬಿಯಲ್ಲಿ ನನಗೂ ಒಂದು ಪಾಲು ಬರುತ್ತಿತ್ತು. ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ. ನಾನು ಕಾರ್ಖಾನೆಯಲ್ಲಿ ತಿಂದು, ಬಾಯಿ ತೊಳೆದು, ಸೋಂಪು ಅಗಿದು ಮನೆಗೆ ಬರುತ್ತಿದ್ದೆ. ನನ್ನ ಹೆಂಡತಿಗೆ ಇದು ಗೊತ್ತಿತ್ತು. ಬೀದಿಗೆ ಗೊತ್ತಿರಲಿಲ್ಲ.

ಮೊದಲು ನಾವು ಹಲಸೂರಿನ ಒಂದು ವಠಾರದಲ್ಲಿದ್ದೆವು. ಆಮೇಲೆ ಸಾಲ ಎತ್ತಿ ಇಂದಿರಾನಗರದ ಆಚೆ, ವಿಮಾ ಕಚೇರಿಯವರು ಹೆಚ್ಚಾಗಿರುವ ಬಡಾವಣೆಯಲ್ಲಿ ಒಂದು ಸಣ್ಣ ಮನೆ ತೆಗೆದುಕೊಂಡೆ. ಆ ರಸ್ತೆಯಲ್ಲಿ ಎಲ್ಲರೂ ಆಫೀಸರುಗಳು, ಪದವಿ ಪಡೆದವರು. ಕೈಗೆ ಎಣ್ಣೆ ಮೆತ್ತಿಕೊಂಡು ದುಡಿದವನು ನಾನೊಬ್ಬನೇ. ಮೊದಲ ಹತ್ತು ವರ್ಷ ಅವರು ನನ್ನನ್ನು ನೋಡಿದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ನಿವೃತ್ತನಾದ ಮೇಲೆ ಬೆಳಗಿನ ವಾಕಿಂಗ್‌ಗೆ ಜೊತೆ ಸೇರಿಸಿಕೊಂಡರು. ಪಾರ್ಕಿನ ಕಲ್ಲು ಬೆಂಚಿನಲ್ಲಿ ನನಗೂ ಜಾಗ ಆಯಿತು. ಆ ಜಾಗವನ್ನು ನಾನು ಎಷ್ಟು ದೊಡ್ಡದೆಂದು ತಿಳಿದಿದ್ದೆ ಎಂಬುದನ್ನು ಈಗ ನೆನೆದರೆ ನನಗೇ ಅಸಹ್ಯವಾಗುತ್ತದೆ.

ಗೆಳೆಯನೂ ನಾನೂ ಒಂದೇ ವರ್ಷ ನಿವೃತ್ತರಾದೆವು. ಅಷ್ಟರಲ್ಲಿ ಭಾಭಿಯ ಎರಡೂ ಮಂಡಿ ಹೋಗಿದ್ದವು, ಎದೆಯ ತೊಂದರೆಯೂ ಶುರುವಾಗಿತ್ತು. ಅವರ ಮನೆ ಮೂರನೆಯ ಮಹಡಿ. ಮೆಟ್ಟಿಲು ಏಣಿಯಂತೆ ಕಡಿದು, ಕತ್ತಲೆ. ಒಮ್ಮೆ ಹತ್ತಿದರೆ ಭಾಭಿ ಹದಿನೈದು ದಿನ ಕೆಳಗೆ ಇಳಿಯುತ್ತಿರಲಿಲ್ಲ. ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಬಿಟ್ಟು, ಕೆಳಗಿನ ಗಾಡಿಯವನ ಜೊತೆ ಕೂಗಾಡಿ ಪುದೀನ, ಟೊಮೆಟೊ ತೆಗೆದುಕೊಳ್ಳುತ್ತಿದ್ದರು. "ಕೊಳೆತದ್ದು ಹಾಕಿದ್ರೆ ಬುಟ್ಟಿ ಮೇಲೇ ಬರಲ್ಲ, ನಿನ್ನ ತಲೆ ಮೇಲೆ ಬೀಳತ್ತೆ" ಎಂದು ಅವರು ಬೈದರೆ ಗಾಡಿಯವನು ನಗುತ್ತಿದ್ದ. ಮಾರುಕಟ್ಟೆ ಕೂಗಳತೆಯಲ್ಲಿದ್ದರೂ ಅದರೊಳಗೆ ಕಾಲಿಟ್ಟು ಎರಡು ವರ್ಷವಾಯಿತೆಂದು ಅವರು ನನ್ನ ಹೆಂಡತಿಯ ಹತ್ತಿರ ಹೇಳಿದ್ದರಂತೆ. ಡಾಕ್ಟರು ಮೆಟ್ಟಿಲು ಹತ್ತಲೇಬಾರದು ಎಂದರು. ಭಾಭಿ ಕೇಳಿದ್ದು ಒಂದೇ. ಬಾಗಿಲು ತೆಗೆದರೆ ನೆಲ ಇರಬೇಕು.

ಹೀಗೆ ಭಾನುವಾರಗಳಲ್ಲಿ ನಾನೂ ಅವನೂ ನನ್ನ ಸ್ಕೂಟರಿನಲ್ಲಿ ಮನೆ ಹುಡುಕಲು ಹೊರಟೆವು. ಊರು ಪೂರ್ವಕ್ಕೆ ಬೆಳೆಯುತ್ತಿತ್ತು. ಕೆ.ಆರ್. ಪುರದ ಕಡೆ ತಿಂಗಳಿಗೊಂದು ಹೊಸ ರಸ್ತೆ, ಹಲಸೂರಿನಲ್ಲಿ ಹಳೆಯ ಮನೆ ಬಿದ್ದ ಕಡೆಯೆಲ್ಲ ನಾಲ್ಕು ಮಹಡಿ. ಖಾಲಿ ಮನೆಗಳಿಗೆ ಕೊರತೆ ಇರಲಿಲ್ಲ. ಬಾಗಿಲು ತೆಗೆಯುತ್ತಿದ್ದರು, ಅಡುಗೆಮನೆ ತೋರಿಸುತ್ತಿದ್ದರು, "ನಿಮ್ಮ ಹೆಸರು?" ಎನ್ನುತ್ತಿದ್ದರು. ಅವನು ಹೇಳುತ್ತಿದ್ದ. ಆಮೇಲೆ ಮಾಲೀಕರಿಗೆ ಏನೋ ನೆನಪಾಗುತ್ತಿತ್ತು. ಮೂರು ಕಡೆ ಒಂದೇ ಮಾತು ಬಂತು: ಊರಿನಿಂದ ತಮ್ಮ ಬರುತ್ತಿದ್ದಾನೆ, ಮನೆ ಅವನಿಗೇ ಬೇಕಂತೆ.

ಮೂರನೆಯ ಮನೆಯಿಂದ ಹೊರಗೆ ಬಂದು ಸ್ಕೂಟರಿನ ಹಿಂದೆ ಕೂತಾಗ ಗೆಳೆಯ ಹೇಳಿದ: "ಬೆಂಗಳೂರಲ್ಲಿ ಇಷ್ಟು ಜನಕ್ಕೆ ತಮ್ಮಂದಿರು ಇದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಗುರು. ಎಲ್ರೂ ಒಂದೇ ಭಾನುವಾರ ಲಗೇಜ್ ಕಟ್ತಾರೆ."

ನನಗೆ ನಗು ಬರಲಿಲ್ಲ. ಗಾಡಿ ನಿಲ್ಲಿಸಿ ಹಿಂದಕ್ಕೆ ಹೋಗಿ ಆ ಮಾಲೀಕನ ಗೇಟಿನ ಮುಂದೆ ನಿಂತೆ. "ಏನ್ರೀ, ಮನುಷ್ಯರಾ ನೀವು? ನಾಚಿಕೆ ಆಗಲ್ವಾ? ಮೂವತ್ತೈದು ವರ್ಷ ಇವನ ಜೊತೆ ಕೂತು ಊಟ ಮಾಡಿದೀನಿ ನಾನು" ಎಂದು ಕೂಗಿದೆ. ಬೀದಿಯವರು ಬಾಗಿಲಿಗೆ ಬಂದರು. ಗೆಳೆಯ ನನ್ನ ತೋಳು ಹಿಡಿದು ಎಳೆದ. "ನಕ್ಕೋ ಭಾಯಿ, ಬೇಡ ಬಿಡು. ನಿಂಗೆ ಬಿ.ಪಿ. ಇದೆ" ಎಂದ. ಅವತ್ತು ಅವನ ಮನೆಯಲ್ಲಿ ಭಾಭಿಗೂ ಅಲ್ಲಿಗೆ ಬಂದಿದ್ದ ನನ್ನ ಹೆಂಡತಿಗೂ ಅವನೇ ಈ ಕತೆಯನ್ನು ಹೇಳಿದ, ನನ್ನ ಕೂಗನ್ನು ಅಣಕಿಸಿ ತೋರಿಸಿ ನಗಿಸಿದ. ನಾನು ಬೀಗಿದೆ. ಅವತ್ತು ನನ್ನ ಬಗ್ಗೆ ನನಗೆ ಬಂದ ಅಭಿಮಾನ ಆ ಮಾಲೀಕ ಮಾಡಿದ್ದಕ್ಕಿಂತ ಹೆಚ್ಚು ಕೇಡು ಮಾಡಿತು ಎಂದು ಈಗ ಅನ್ನಿಸುತ್ತದೆ. ನಾನು ಆ ಮಾಲೀಕನಂಥವನಲ್ಲ ಎಂದು ನನಗೆ ಪೂರ್ತಿ ನಂಬಿಕೆ ಬಂದುಬಿಟ್ಟಿತು.

ಐದನೆಯದೋ ಆರನೆಯದೋ ಭಾನುವಾರ ಲಿಂಗರಾಜಪುರದಲ್ಲಿ ಒಂದು ಮನೆ ಸಿಕ್ಕಿತು. ನೆಲಮಹಡಿ, ಎರಡು ಕೋಣೆ, ಮುಂದೆ ಒಂದು ಸೀಬೆ ಗಿಡ. ಮಾಲೀಕರು ಒಬ್ಬ ವಯಸ್ಸಾದ ಕ್ರೈಸ್ತ ಹೆಂಗಸು, ಮನೆಮಾತು ತಮಿಳು. ಹೆಸರು ಕೇಳಿದರು, ಅವನು ಹೇಳಿದ, ಅವರು ಮುಖ ಬದಲಿಸಲಿಲ್ಲ. "ಯಾರಾದ್ರೂ ಆಗ್ಲಿಪ್ಪಾ. ಗೇಟ್ ಮಾತ್ರ ಕರೆಕ್ಟಾ ಹಾಕ್ಬೇಕು. ನಾಯಿ ಒಳಗೆ ಬಂದ್ರೆ ನಂಗೆ ಕೋಪ ಬರತ್ತೆ" ಎಂದರು. ಮುಂದಿನ ಭಾನುವಾರದೊಳಗೆ ಹೇಳಿ, ಅಲ್ಲಿಯವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದೂ ಹೇಳಿದರು. ಅಲ್ಲಿಂದ ಮಾರುಕಟ್ಟೆಗೆ ಆಟೋದಲ್ಲಿ ಹತ್ತೇ ನಿಮಿಷ. ಮಸೀದಿ ಹತ್ತಿರ. ಅಡುಗೆಮನೆ ಸ್ವಲ್ಪ ಕತ್ತಲೆ, ಅಷ್ಟೇ.

ಗೆಳೆಯ ಅಲ್ಲೇ ಒಪ್ಪಿಕೊಳ್ಳಲು ಬಾಯಿ ತೆರೆದಿದ್ದ. ತಡೆದವನು ನಾನು. ಆ ವಾರವೇ ನನ್ನ ಪಕ್ಕದ ಮನೆಯ ಬಾಡಿಗೆಯವರು ಬಿಡುತ್ತೇವೆ ಎಂದಿದ್ದರು. ಅದೂ ನೆಲಮಹಡಿ, ಇದಕ್ಕಿಂತ ಬೆಳಕು ಹೆಚ್ಚು, ಬಾಗಿಲ ಮುಂದೆ ಅಗಲವಾದ ಕಟ್ಟೆ. ಮಾಲೀಕರು ಮೈಸೂರಿನಲ್ಲಿದ್ದರು, ನನ್ನ ಮಾತು ದಾಟುವವರಲ್ಲ. "ಒಂದು ವಾರ ತಡಿಯೋ. ನಮ್ಮ ಪಕ್ಕದ ಮನೆ ಖಾಲಿ ಆಗ್ತಿದೆ. ಕೀ ನನ್ನ ಕೈಗೇ ಬರತ್ತೆ. ಇಬ್ರೂ ಗೋಡೆ ಆಚೆ ಈಚೆ ಇರೋಣ" ಎಂದೆ.

ಅವನು ನನ್ನ ಮುಖವನ್ನೇ ನೋಡಿದ. "ನಿಮ್ ರೋಡಲ್ಲಾ? ನಡಿಯತ್ತಾ?"

"ಕೀ ನನ್ ಹತ್ರ ಇದ್ದ ಮೇಲೆ ಯಾವನು ಕೇಳ್ತಾನೆ?" ಎಂದೆ. ಅದು ಸುಳ್ಳಲ್ಲ. ಆ ಕ್ಷಣದಲ್ಲಿ ಮನಸ್ಸಿನಿಂದಲೇ ಹೇಳಿದ್ದೆ. ನನ್ನ ಹೆಂಡತಿಗೆ ಹೇಳಿದಾಗ ಅವಳೂ ಹಿಗ್ಗಿದಳು. ಭಾಭಿ ಬಂದರೆ ಮಧ್ಯಾಹ್ನ ಇಬ್ಬರೂ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸಬಹುದು ಎಂದಳು.

ಬೀಗದ ಕೈ ಬುಧವಾರ ಬಂತು. ಗುರುವಾರ ಬೆಳಿಗ್ಗೆ ವಾಕಿಂಗ್ ಮುಗಿಸಿ ಬೆಂಚಿನಲ್ಲಿ ಕೂತಿದ್ದಾಗ ಎದುರು ಮನೆಯವರು, ವಿಮಾ ಕಚೇರಿಯಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು, ನನ್ನ ಹೆಗಲ ಮೇಲೆ ಕೈ ಹಾಕಿದರು. ಅದಕ್ಕೆ ಮೊದಲು ಅವರು ಎಂದೂ ನನ್ನನ್ನು ಮುಟ್ಟಿರಲಿಲ್ಲ.

"ಪಕ್ಕದ ಮನೆ ಕೀ ನಿಮ್ ಹತ್ರಾನೇ ಅಂತೆ?"

"ಹೌದು ಸಾರ್."

"ಒಳ್ಳೇದಾಯ್ತು ಬಿಡಿ. ನೀವಾದ್ರೆ ನೋಡ್ಕೊಂಡು ಕೊಡ್ತೀರಿ. ಈಗೀಗ ಯಾರ್ಯಾರೋ ಬಂದು ಸೇರ್ಕೋತಾರೆ ನೋಡಿ. ಆಮೇಲೆ ವಾಸನೆ, ಗಲಾಟೆ ಅಂತ ನಾವೇ ಅನುಭವಿಸ್ಬೇಕು. ನಾನೇನು ಹೇಳೋದು, ನಿಮಗೆ ಗೊತ್ತಿಲ್ದೇ ಇರತ್ತಾ?"

ಅಷ್ಟೇ ಅವರು ಹೇಳಿದ್ದು. ಹೆದರಿಸಲಿಲ್ಲ, ಯಾರ ಹೆಸರನ್ನೂ ಎತ್ತಲಿಲ್ಲ, ಗೆಳೆಯನ ವಿಷಯ ಅವರಿಗೆ ತಿಳಿದೂ ಇರಲಿಲ್ಲ. "ನನ್ನ ಸ್ನೇಹಿತನೇ ಬರ್ತಿದಾನೆ ಸಾರ್" ಎಂದು ಅಲ್ಲೇ ಹೇಳಬಹುದಿತ್ತು. ಹೆಚ್ಚೆಂದರೆ ಅವರು ಹೆಗಲಿನಿಂದ ಕೈ ತೆಗೆಯುತ್ತಿದ್ದರು. ನಾನು "ನೋಡ್ತೀನಿ ಸಾರ್" ಎಂದೆ.

ಆ ಭಾನುವಾರ ಗೆಳೆಯ ಫೋನ್ ಮಾಡಿದ. ಮಾಲೀಕರು ಇನ್ನೂ ಸಿಕ್ಕಿಲ್ಲ ಎಂದೆ. ಲಿಂಗರಾಜಪುರದ ಅಜ್ಜಿಗೆ ಏನು ಹೇಳಲಿ ಎಂದು ಕೇಳಿದ. ಇನ್ನೊಂದು ನಾಲ್ಕು ದಿನ ತಡಿ ಎಂದೆ. ಗುರುವಾರ ಮತ್ತೆ ಫೋನ್ ಬಂತು. ಸುಣ್ಣ ಬಳಿಸಬೇಕಂತೆ ಎಂದೆ. ಹೌದು ಎನ್ನಲು ಧೈರ್ಯವಿರಲಿಲ್ಲ, ಇಲ್ಲ ಎನ್ನಲು ಮುಖವಿರಲಿಲ್ಲ. ಹೀಗೆ ಹದಿನೈದು ದಿನ ಕಳೆದೆ. ಅಷ್ಟರಲ್ಲಿ ಆ ಅಜ್ಜಿ ಕಾದು ಕಾದು ಮನೆಯನ್ನು ಬೇರೆಯವರಿಗೆ ಕೊಟ್ಟಿದ್ದರು. ಅದನ್ನೂ ಅವನೇ ನನಗೆ ಹೇಳಿದ. ಹೇಳಿ, "ಪರವಾಗಿಲ್ಲ, ನಿಂದು ಇದೆಯಲ್ಲ" ಎಂದ.

ಮಾರನೆಯ ದಿನ ಅವನೇ ಬಂದ. ಮನೆಯಲ್ಲಿ ಹೆಂಡತಿ ಇರಲಿಲ್ಲ, ದೇವಸ್ಥಾನಕ್ಕೆ ಹೋಗಿದ್ದಳು. ಪಕ್ಕದ ಗೇಟಿನ ಹಲಗೆಯನ್ನು ನಾನು ಬೆಳಿಗ್ಗೆಯೇ ಬಿಚ್ಚಿ ಒಳಗಿಟ್ಟಿದ್ದೆ. ಅವನನ್ನು ಕೂರಿಸಿ ಕಾಫಿ ಕೊಟ್ಟೆ. ಹೇಳಬೇಕಾದ ಸುಳ್ಳನ್ನು ರಾತ್ರಿಯೆಲ್ಲ ಯೋಚಿಸಿಟ್ಟಿದ್ದೆ. ತಮ್ಮ ಎನ್ನಲು ಬಾಯಿ ಬರಲಿಲ್ಲ. ಆ ಮಾತಿಗೆ ಅವನು ಎಷ್ಟು ನಕ್ಕಿದ್ದನೆಂದು ನೆನಪಿತ್ತು. ಅದಕ್ಕೇ ಮಗಳು ಎಂದೆ.

"ಓನರ್ ಮಗಳಿಗೆ ಇಲ್ಲೇ ಕೆಲ್ಸ ಆಯ್ತಂತೆ ಕಣೋ. ಅವ್ಳೇ ಬಂದು ಇರ್ತಾಳಂತೆ. ನಾನು ಎಷ್ಟು ಹೇಳ್ದೆ..."

ಅವನು ಕಾಫಿ ಲೋಟವನ್ನು ಕೆಳಗಿಟ್ಟ. ಆಮೇಲೆ ನಕ್ಕ. "ಹೋಗ್ಲಿ ಬಿಡು. ಮಗಳಲ್ವಾ, ಏನ್ ಮಾಡಕ್ಕಾಗತ್ತೆ. ಸದ್ಯ ತಮ್ಮ ಅನ್ಲಿಲ್ಲ ನಿನ್ ಓನರ್ರು" ಎಂದ. ಹೋಗುವಾಗ ನನ್ನ ಬೆನ್ನು ತಟ್ಟಿ, ನೀನು ಬೇಜಾರು ಮಾಡ್ಕೋಬೇಡ ಎಂದ. ನಾನು ಬೇಜಾರಿನ ಮುಖ ಮಾಡಿಕೊಂಡು ಗೇಟಿನವರೆಗೆ ಬಂದೆ. ಆ ಮೈಸೂರಿನವರಿಗೆ ಮಗಳೇ ಇರಲಿಲ್ಲ.

ಹೆಂಡತಿ ದೇವಸ್ಥಾನದಿಂದ ಬಂದು ಕೇಳಿದಾಗ ಅವಳಿಗೆ ಬೇರೆಯೇ ಸುಳ್ಳು ಹೇಳಿದೆ. "ಅವನಿಗೇ ಬೇಡವಂತೆ. ಭಾಭಿಗೆ ಮಾರ್ಕೆಟ್ ದೂರ ಆಗತ್ತಂತೆ" ಎಂದೆ. ಅವಳು ಪಾಪ, ಸಪ್ಪಗಾದಳು. ಇಷ್ಟೆಲ್ಲ ಓಡಾಡಿದಿರಿ, ಮೊದಲೇ ಹೇಳಬಾರದಿತ್ತೇ ಅವರು ಎಂದು ಗೊಣಗಿದಳು. ಗೆಳೆಯನ ಮೇಲೆ ಅವಳಿಗೆ ಸಣ್ಣ ಮುನಿಸು ಬರುವಂತೆಯೂ ಮಾಡಿದೆ ಎಂದಾಯಿತು. ಇಪ್ಪತ್ತು ದಿನದ ಮೇಲೆ ಆ ಮನೆಗೆ ಬ್ಯಾಂಕಿನ ಒಬ್ಬರು ಬಂದರು. ಎದುರು ಮನೆಯವರು ನನ್ನನ್ನು ಹೊಗಳಿದರು.

ಗೆಳೆಯ ಮಹದೇವಪುರಕ್ಕೆ ಹೋದ. ಅವನ ಮಗ ಅಲ್ಲಿನ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತಿದ್ದ, ಅವನೇ ಹುಡುಕಿದ್ದು. ವರ್ತುಲ ರಸ್ತೆಯಿಂದ ಒಳಗೆ, ಕೆರೆಯ ತಗ್ಗಿನಲ್ಲಿ ಹೊಸದಾಗಿ ಎದ್ದ ಬೀದಿ. ಮೂರು ಮಹಡಿಯ ಕಟ್ಟಡ, ಅದರ ನೆಲಮಹಡಿ. ಸಾಮಾನು ಸಾಗಿಸುವ ದಿನ ನಾನೂ ಹೋಗಿದ್ದೆ. ಬೀರುವಿನ ಒಂದು ತುದಿಗೆ ಕೈ ಕೊಟ್ಟೆ. ಭಾಭಿ ಬಾಗಿಲಲ್ಲಿ ನಿಂತು, ಒಂದು ಕಾಲನ್ನು ಹೊರಗಿಟ್ಟು ಒಳಗಿಟ್ಟು, "ನೋಡಿ ಭಾಯ್, ಮೆಟ್ಲೇ ಇಲ್ಲ" ಎಂದು ತೋರಿಸಿದರು. ಸುತ್ತ ಮಾರುಕಟ್ಟೆ ಇರಲಿಲ್ಲ, ಗುರುತಿನವರು ಇರಲಿಲ್ಲ, ಆದರೆ ನೆಲ ಇತ್ತು.

ಒಂದು ವರ್ಷದ ಮೇಲೆ ಕಾರ್ಖಾನೆಯ ಇನ್ನೊಬ್ಬ ಗೆಳೆಯನ ಮಗಳ ಮದುವೆ. ಹೆಂಗಸರು ಒಂದು ಕಡೆ ಕೂತಿದ್ದರು. ರಾತ್ರಿ ಮನೆಗೆ ಬಂದು ಸೀರೆ ಮಡಿಸುತ್ತಾ ನನ್ನ ಹೆಂಡತಿ ಹೇಳಿದಳು: "ಭಾಭಿ ಸಿಕ್ಕಿದ್ರು ರೀ. ನಾನು ಕೇಳೇಬಿಟ್ಟೆ. ನಮ್ಮ ಪಕ್ಕದ ಮನೆ ದೂರ ಆಗತ್ತೆ ಅಂತ ಬೇಡ ಅಂದ್ರಿ, ಈಗ ನೋಡಿ ಅದಕ್ಕಿಂತ ದೂರ ಹೋಗಿ ಕೂತ್ರಿ ಅಂತ."

"ಏನಂದ್ರು?" ಎಂದೆ.

"ಏನೂ ಇಲ್ಲ. ಒಂದು ನಿಮಿಷ ನನ್ನೇ ನೋಡಿದ್ರು. ಆಮೇಲೆ, ಹೌದಮ್ಮಾ, ಆವಾಗ ದೂರ ಅನ್ನಿಸ್ತು, ನಮ್ದೇ ತಪ್ಪು ಅಂದ್ರು."

ನನ್ನ ಎರಡು ಸುಳ್ಳುಗಳೂ ಭಾಭಿಯ ಮುಂದೆ ಒಂದನ್ನೊಂದು ಎದುರುಗೊಂಡಿದ್ದವು. ಗಂಡ ತಂದ ಮಾತು ಒಂದು, ನನ್ನ ಹೆಂಡತಿ ಆಡಿದ ಮಾತು ಇನ್ನೊಂದು. ಅಷ್ಟರಿಂದಲೇ ಅವರಿಗೆ ಎಲ್ಲ ತಿಳಿದಿರಬೇಕು. ತಿಳಿದೂ, ಏನೂ ಅರಿಯದ ನನ್ನ ಹೆಂಡತಿಯ ಮುಂದೆ ನನ್ನ ಮಾನ ಉಳಿಸಿದರು. ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಆಮೇಲೆ ನಾನು ಅವರ ಮನೆಗೆ ಹೋದಾಗಲೆಲ್ಲ ಅವರು ಮೊದಲಿನಂತೆಯೇ ಚಹಾ ಕೊಟ್ಟರು, ನನ್ನ ಬಿ.ಪಿ. ವಿಚಾರಿಸಿದರು. ದಾಲ್ಚಾ ಮಾತ್ರ ಮತ್ತೆ ಎಂದೂ ಕಳಿಸಲಿಲ್ಲ. ನಾನು ಹೋಗುವುದನ್ನು ಕಡಿಮೆ ಮಾಡಿದೆ. ಗೆಳೆಯ ಏನೂ ಬದಲಾಗಿರಲಿಲ್ಲ, ಆದ್ದರಿಂದ ಅವರು ಅವನಿಗೆ ಹೇಳಿಲ್ಲವೆಂದು ನನಗೆ ಗೊತ್ತಾಯಿತು. ಅದಕ್ಕೆ ನಾನು ಕೃತಜ್ಞನಾಗಿದ್ದೆ. ಇದನ್ನೂ ಬರೆಯಬೇಕು.

ಕೆಲವು ವರ್ಷದ ಹಿಂದಿನ ಆ ದೊಡ್ಡ ಮಳೆಯಲ್ಲಿ ಕೆರೆ ತುಂಬಿ ನೀರು ಬೀದಿಗೆ ಬಂತು. ನೆಲಮಹಡಿಯಾದ್ದರಿಂದ ಮೊದಲು ನುಗ್ಗಿದ್ದು ಅವರ ಮನೆಗೆ. ಬೆಳಿಗ್ಗೆ ಏಳಕ್ಕೆ ಅವರ ಮಗ ಫೋನ್ ಮಾಡಿ, "ಅಂಕಲ್, ಮಂಚದವರೆಗೂ ಬಂದಿದೆ, ಅಮ್ಮೀನ ಎತ್ಕೊಂಡು ನಿಂತಿದೀವಿ" ಎಂದ. ನಾನು ಆಟೋ ಹಿಡಿದು ಕೆ.ಆರ್. ಪುರದ ಕಡೆಯಿಂದ ಹೋದೆ. ಒಂದು ಮೈಲಿ ದೂರದಲ್ಲೇ ಆಟೋದವನು ನಿಲ್ಲಿಸಿದ. ಮುಂದೆ ಮಣ್ಣು ಬಣ್ಣದ ನೀರು, ಅದರಲ್ಲಿ ಕಾರುಗಳ ಟಾಪು, ತೇಲುವ ಗ್ಯಾಸ್ ಸಿಲಿಂಡರು. ಮಂಡಿಯವರೆಗೆ ಇಳಿದು ನೋಡಿದೆ, ಆಗಲಿಲ್ಲ. ಹತ್ತು ಗಂಟೆಗೆ ಒಂದು ಟ್ರಾಕ್ಟರ್ ಬಂತು. ಅದರ ಟ್ರಾಲಿಯಲ್ಲಿ ಹತ್ತು ಹದಿನೈದು ಜನ, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಭಾಭಿ. ಮಗ ಕುರ್ಚಿಯನ್ನು ಹಿಂದಿನಿಂದ ಅಪ್ಪಿ ಹಿಡಿದಿದ್ದ. ಅವರ ದುಪಟ್ಟಾ ಎದೆಯವರೆಗೆ ಒದ್ದೆ. ಗೆಳೆಯ ನನ್ನನ್ನು ಕಂಡು ದೂರದಿಂದಲೇ ಕೂಗಿದ: "ಬಂದ್ಯಾ? ನೋಡು, ಲೇಕ್ ವ್ಯೂ ಮನೆ ಅಂದಿದ್ನಲ್ಲ, ಲೇಕೇ ಒಳಗೆ ಬಂದ್ಬಿಡ್ತು!"

ಟ್ರಾಲಿಯಲ್ಲಿದ್ದವರು ನಕ್ಕರು. ಭಾಭಿ ನಗಲಿಲ್ಲ. ನನ್ನ ಕಡೆ ಒಮ್ಮೆ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು.

ಅವತ್ತು ಅವರನ್ನು ನನ್ನ ಮನೆಗೆ ಕರೆದುಕೊಂಡು ಬರಬಹುದಿತ್ತು. ಕರೆದೆ ಕೂಡ. ಭಾಭಿಯೇ "ಬೇಡ" ಎಂದರು. ಫ್ರೇಜರ್ ಟೌನಿನಲ್ಲಿರುವ ಮಗಳ ಮನೆಗೆ ಹೋದರು. ನೀರು ಇಳಿದ ಮೇಲೆ ವಾಪಸು ಬಂದರೆ, ನೆಲಮಹಡಿಯನ್ನು ಇನ್ನು ವಾಹನ ನಿಲ್ಲಿಸಲು ಬಿಡುತ್ತೇನೆ, ಬೇಕಾದರೆ ಎರಡನೆಯ ಮಹಡಿಗೆ ಹೋಗಿ ಎಂದು ಕಟ್ಟಡದ ಮಾಲೀಕ ಹೇಳಿದ. ಬೇರೆ ಹುಡುಕುವ ಶಕ್ತಿ ಗೆಳೆಯನಿಗೆ ಇರಲಿಲ್ಲ. ನನ್ನನ್ನೂ ಕರೆಯಲಿಲ್ಲ. ಭಾಭಿ ಮತ್ತೆ ಮೆಟ್ಟಿಲು ಹತ್ತಿದರು. ಈ ಸಲ ಕಿಟಕಿಯ ಕೆಳಗೆ ಕೂಗಿದರೆ ಓಗೊಡುವ ಗಾಡಿಯವನೂ ಇರಲಿಲ್ಲ. ಕೆಳಗೆ ಬರೀ ಕ್ಯಾಬುಗಳು. ಕೊನೆಯ ಎರಡು ವರ್ಷದಲ್ಲಿ ಅವರು ನೆಲಕ್ಕೆ ಇಳಿದದ್ದು ಆಸ್ಪತ್ರೆಗೆ ಮಾತ್ರ. ಹೋದ ವರ್ಷ ತೀರಿಕೊಂಡರು. ಎದೆಯ ತೊಂದರೆ. ಎಲ್ಲಿದ್ದರೂ ಆಗುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಸಾವನ್ನು ನನ್ನ ತಲೆಗೆ ಕಟ್ಟಿಕೊಳ್ಳುವುದಿಲ್ಲ, ಅದು ದೊಡ್ಡ ಮಾತಾಗುತ್ತದೆ. ಅದಕ್ಕೆ ಹಿಂದಿನ ಹತ್ತು ಹನ್ನೊಂದು ವರ್ಷ ಅವರು ಎಲ್ಲಿ ಕೂತಿದ್ದರು, ಯಾರ ಜೊತೆ ಮಾತಾಡಿದರು, ಅದು ಮಾತ್ರ ನನ್ನದು.

ಮಣ್ಣು ಮಾಡಿ ಬಂದ ಮೇಲೆ ಗೆಳೆಯ ನೆರೆದವರ ಮುಂದೆ ನನ್ನ ಕೈ ಹಿಡಿದುಕೊಂಡು, "ಇವನು ನಮಗೋಸ್ಕರ ಬೀದಿ ಬೀದಿ ಅಲೆದವನು. ಒಬ್ಬನ ಗೇಟಿನ ಮುಂದೆ ನಿಂತು ಹೊಡೆದಾಡಿದಾನೆ" ಎಂದ. ಅವರೆಲ್ಲ ನನ್ನನ್ನು ನೋಡಿ ತಲೆಬಾಗಿದರು. ಆ ದಿನದಿಂದ ನನಗೆ ನಿದ್ದೆ ಬಾರದಾಯಿತು.

ನಲವತ್ತನೆಯ ದಿನದ ಕಾರ್ಯ ಮುಗಿದ ಮೇಲೆ ಅವನು ಶಿವಾಜಿನಗರಕ್ಕೇ ವಾಪಸು ಹೋಗುವುದಾಗಿ ಹೇಳಿದ. ತನಗೊಬ್ಬನಿಗೆ ಒಂದು ಕೋಣೆ ಸಾಕು, ಮಸೀದಿಯ ಅಜಾನ್ ಕೇಳಿಸಬೇಕು, ಮಗ ಸೊಸೆ ಮಹದೇವಪುರದಲ್ಲೇ ಇರಲಿ ಎಂದ. ನೋಡಲು ಜೊತೆಗೆ ಬಾ ಎಂದು ಕರೆದ. ಈ ವರ್ಷದ ಶುರುವಿನ ಒಂದು ಮಧ್ಯಾಹ್ನ ಹೋದೆ. ಕೋಣೆ ತೋರಿಸುವವನು ಬರುವವರೆಗೆ ಮಾರುಕಟ್ಟೆಯ ಎದುರಿನ ಚಹಾ ಅಂಗಡಿಯಲ್ಲಿ ಕೂತೆವು. ಅವನು ಬನ್ನನ್ನು ಚಹಾದಲ್ಲಿ ಅದ್ದುತ್ತಾ, ತಮಾಷೆಗೆ, ಸುಮ್ಮನೆ ಕೇಳಿದ:

"ಆ ನಿನ್ ಓನರ್ ಮಗಳು ಇನ್ನೂ ಇದಾಳೇನೋ ಪಕ್ಕದ ಮನೇಲಿ? ಓಡಿಸಿಬಿಡು, ನಾನೇ ಬರ್ತೀನಿ."

"ಮಗಳಿಲ್ಲ" ಎಂದೆ.

"ಖಾಲಿ ಮಾಡಿದ್ಲಾ?"

"ಬರ್ಲೇ ಇಲ್ಲ. ಅವರಿಗೆ ಮಗಳೇ ಇಲ್ಲ ಕಣೋ. ನಾನು ಸುಳ್ಳು ಹೇಳಿದ್ದೆ. ಓನರ್ ಏನೂ ಹೇಳಿರ್ಲಿಲ್ಲ. ನಾನೇ ಕೊಡ್ಲಿಲ್ಲ."

ಅವನು ಬನ್ನನ್ನು ತಟ್ಟೆಯಲ್ಲಿಟ್ಟ. ಕೋಪ ಮಾಡಲಿಲ್ಲ. ಯಂತ್ರದ ಮೇಲೆ ಅಳತೆ ತಪ್ಪಿದ ತುಂಡನ್ನು ತಿರುಗಿಸಿ ತಿರುಗಿಸಿ ನೋಡುವಾಗ ಅವನ ಮುಖ ಹೀಗೇ ಇರುತ್ತಿತ್ತು.

"ಲಿಂಗರಾಜಪುರದ್ದು ಹೋಗಿದ್ದು... ಅದಕ್ಕೇನಾ?"

"ಹೌದು."

"ನಿಮ್ ರೋಡಲ್ಲಿ ಬೇಡ ಅಂದಿದ್ರೆ ನಾನು ಅವತ್ತೇ ಅಲ್ಲಿಗೆ ಹೋಗ್ತಿದ್ದೆ. ಬೇಡ ಅನ್ನೋದು ನಂಗೇನು ಹೊಸದಾ? ಒಂದು ಮಾತು ಹೇಳಿದ್ರೆ ಸಾಕಿತ್ತು."

ನಿಜವಾಗಿಯೂ ಅಷ್ಟೇ ಸಾಕಿತ್ತು. ನಾನು ಮನೆ ಕೊಡದಿದ್ದುದಕ್ಕಿಂತ, ಕೊಡುವುದಿಲ್ಲ ಎಂದು ಹೇಳದಿದ್ದುದೇ ಅವರಿಗೆ ಮುಳುವಾಯಿತು.

ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ: "ಅವ್ಳಿಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಇನ್ನು ಮೇಲೆ ಸುಳ್ಳು ಹೇಳಬಾರದೆಂದು ನಿಶ್ಚಯಿಸಿ ಬಂದಿದ್ದೆನಲ್ಲ, ಮದುವೆಮನೆಯಲ್ಲಿ ನಡೆದದ್ದನ್ನು ಪೂರ್ತಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಮುಖ ಕುಸಿಯಿತು. ನನ್ನ ಸುಳ್ಳು ತಿಳಿದಾಗ ಹಾಗೆ ಆಗಿರಲಿಲ್ಲ.

"ಅಷ್ಟು ವರ್ಷ ನಂಗೆ ಹೇಳ್ದೇ ಇಟ್ಕೊಂಡಿದ್ಲು" ಎಂದ. "ನಾನು ದಿನಾ ಅವ್ಳ ಮುಂದೆ ನಿಮ್ಮನ್ನ ಹೊಗಳ್ತಾ ಇದ್ದೆ. ಅವ್ಳು ಕೇಳ್ಕೊಂಡು ಕೂತಿದ್ಲು."

ಕೋಣೆ ತೋರಿಸುವವನು ಬಂದ. ಗೆಳೆಯ ಎದ್ದು, ಟೋಪಿ ಸರಿಮಾಡಿಕೊಂಡು, "ನೀವು ಮನೆಗೆ ಹೋಗಿ. ನಾನು ನೋಡ್ಕೋತೀನಿ" ಎಂದ. ಅವರಿಬ್ಬರೂ ಗಲ್ಲಿಯೊಳಗೆ ಹೋದರು. ನಾನು ಅಲ್ಲೇ ಕೂತಿದ್ದೆ. ಹೇಳಿಬಿಟ್ಟರೆ ಎದೆ ಹಗುರವಾಗುತ್ತದೆ ಎಂದು ಕೇಳಿದ್ದೆ. ಆಗಲಿಲ್ಲ. ಸತ್ತ ಹೆಂಡತಿಯ ಬಗ್ಗೆ ಅವನ ಬಳಿ ಉಳಿದಿದ್ದ ನೆಮ್ಮದಿಯನ್ನೂ ಕಿತ್ತುಕೊಂಡು ಬಂದಿದ್ದೆ, ಅಷ್ಟೇ.

ಆ ಸಂಜೆಯೇ ಹೆಂಡತಿಗೂ ಹೇಳಿದೆ. ಅವಳು ಒಲೆ ಆರಿಸಿ ಕೂತು ಕೇಳಿದಳು. ನಾನು ಮುಗಿಸಿದ ಮೇಲೆ ಒಂದೇ ಮಾತು ಆಡಿದಳು: "ಆ ಸುಳ್ಳನ್ನ ನನ್ನ ಬಾಯಿಂದ ಹೇಳಿಸಿದ್ರಲ್ಲ ರೀ ಭಾಭಿಗೆ."

ಎರಡು ತಿಂಗಳು ಫೋನ್ ಮಾಡಿದೆ, ಅವನು ಎತ್ತಲಿಲ್ಲ. ಅವನ ಮಗನಿಗೆ ಮಾಡಿದರೆ, "ಅಬ್ಬಾ ಚೆನ್ನಾಗಿದಾರೆ ಅಂಕಲ್. ಬರ್ಬೇಡಿ ಅಂತೇನೂ ಹೇಳಿಲ್ಲ" ಎಂದು ಎಳೆದ. ಬನ್ನಿ ಎಂದೂ ಹೇಳಿಲ್ಲ ಎಂಬುದು ಅರ್ಥವಾಯಿತು. ಕಳೆದ ವಾರ ಹೆಂಡತಿ ತಾನು ಹೋಗಿ ನೋಡಿ ಬರುತ್ತೇನೆ ಎಂದು ಹೊರಟಳು. ಒಬ್ಬಳನ್ನೇ ಕಳಿಸಲಾರದೆ ಜೊತೆಗೆ ಹೋದೆ. ಅವನ ಕೋಣೆ ಮೊದಲನೆಯ ಮಹಡಿ. ಅವಳು ಗೋಡೆ ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಹತ್ತಿದಳು. ನಾನು ಕೆಳಗೆ ಚಪ್ಪಲಿಗಳ ಹತ್ತಿರ ನಿಂತೆ. ಮೇಲಿನಿಂದ ಅವನ ದನಿ ಕೇಳಿಸಿತು, "ಬನ್ನಿ ಬನ್ನಿ ಅಮ್ಮಾ, ಕೂತ್ಕೊಳ್ಳಿ". ಆಮೇಲೆ ಬಾಗಿಲು ಮುಚ್ಚಿಕೊಂಡಿತು.

ಮುಕ್ಕಾಲು ಗಂಟೆ ಬಿಟ್ಟು ಇಳಿದಳು. ಕಣ್ಣು ಕೆಂಪಾಗಿತ್ತು.

"ಏನಂದ?" ಎಂದು ಕೇಳಿದೆ.

"ಚಹಾ ಕೊಟ್ರು. ಭಾಭಿ ವಿಷ್ಯ ಮಾತಾಡಿದ್ರು. ಇಬ್ರೂ ಅತ್ವಿ."

"ನನ್ನ ಬಗ್ಗೆ ಏನಾದ್ರೂ ಕೇಳಿದ್ನಾ? ಕೆಳಗೆ ನಿಂತಿದೀನಿ ಅಂತ ಹೇಳಿದ್ಯಾ?"

"ಹೇಳ್ದೆ" ಎಂದಳು. "ಬಿಸಿಲಿದೆ, ನೆರಳಲ್ಲಿ ನಿಂತ್ಕೊಳಕ್ಕೆ ಹೇಳಿ ಅಂದ್ರು."

ಬಸ್ ನಿಲ್ದಾಣದವರೆಗೆ ನಡೆದೆವು. ಬಸ್ಸು ಬಂತು, ತುಂಬಿತ್ತು. ಅವಳಿಗೆ ಮುಂದೆ ಹೆಂಗಸರ ಸೀಟಿನಲ್ಲಿ ಯಾರೋ ಜಾಗ ಬಿಟ್ಟರು. ನಾನು ಹಿಂದೆ ಕಂಬಿ ಹಿಡಿದು ಹಲಸೂರು ದಾಟುವವರೆಗೂ ನಿಂತೇ ಇದ್ದೆ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.